ಭಾನುವಾರ ಗಾಳ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಪುಣೆ ಹತ್ತಿರದ ಪಾನಶೇತ್ ಅಣೆಕಟ್ಟಿನ ಹಿನ್ನೀರಿಗೆ ಹೊರಡುವವರಲ್ಲಿ ಒಂದು ವಿನಂತಿ. ಸಿಕ್ಕಿದ ಮೀನು ಮಹಶೀರೋ ಸಾಮಾನ್ಯ ಗೆಂಡೆಯೋ ಅಂತ ಮೊದಲು ನೋಡಿಕೊಳ್ಳಿ. ಎರಡಕ್ಕೂ ದೊಡ್ಡ ಹುರುಪೆ, ಎರಡು ಜೊತೆ ಮೀಸೆ. ಗೊಂದಲ ಆಗೋದು ಸಹಜ. ಬೆನ್ನಿನ ರೆಕ್ಕೆ ನೋಡಿ: ಗೆಂಡೆಯದು ಬಾಲದ ಹತ್ತಿರದವರೆಗೂ ಉದ್ದಕ್ಕೆ ಚಾಚಿರುತ್ತದೆ, ಮಹಶೀರಿನದು ಗಿಡ್ಡ.

ಮಹಶೀರ್ ಆಗಿದ್ದರೆ ಕೈ ಒದ್ದೆ ಮಾಡಿಕೊಂಡು ನೀರಲ್ಲೇ ಕೊಕ್ಕೆ ಬಿಡಿಸಿ. ಪಕ್ಕದಿಂದ, ರೆಕ್ಕೆ ಕಾಣುವ ಹಾಗೆ ಒಂದೇ ಫೋಟೋ ತೆಗೆದು ಕೂಡಲೇ ಬಿಟ್ಟುಬಿಡಿ. ಇಲ್ಲಿನ ದಖ್ಖನ್ ಮಹಶೀರನ್ನು ಬ್ರಿಟಿಷ್ ಸೇನಾಧಿಕಾರಿ, ಜೀವಿಶಾಸ್ತ್ರಜ್ಞ ಸೈಕ್ಸ್ 1839ರಲ್ಲಿ ಮೊದಲು ವರ್ಣಿಸಿದ್ದು ನಮ್ಮ ಪುಣೆಯ ಮುಳಾ-ಮುಠಾ ನದಿಯ ಮೀನನ್ನು ನೋಡಿಯೇ. ಅದು ಇಲ್ಲಿ ಉಳಿಯಲೇಬೇಕು.

ಅನುಮಾನ ಇದ್ದರೆ ಫೋಟೋ ಇಲ್ಲೇ ಹಾಕಿ, ನೋಡಿ ಹೇಳೋಣ. ಬರುವವರು ಶುಕ್ರವಾರ ರಾತ್ರಿಯೊಳಗೆ ದಯವಿಟ್ಟು ಹೆಸರು ತಿಳಿಸಿ.