ಆರೋಪಿಯ ಹೆಸರಿಗೆ ಮೊದಲು ಬರುವ ಪದ

ಮಾಟುಂಗ, ಮುಂಬಯಿ

ಪ್ರೀತಿಯ ತಮ್ಮನಿಗೆ,

ನೀನು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ಚಾರ್ಲ್ಸ್‌ಟನ್ ನಗರದ ಚರ್ಚಿನಲ್ಲಿ 2015ರ ಜೂನ್ 17ರಂದು ಬಿಳಿಯನೊಬ್ಬ ನಡೆಸಿದ ಕೊಲೆಗಳನ್ನೂ, ಅದರ ಹಿಂದಿನ ವರ್ಷ ಅದೇ ದೇಶದ ಫರ್ಗುಸನ್ ಊರಿನಲ್ಲಿ ಪೊಲೀಸನ ಗುಂಡಿಗೆ ಬಲಿಯಾದ ಕಪ್ಪುವರ್ಣೀಯ ಯುವಕ ಮೈಕಲ್ ಬ್ರೌನ್‌ನ ಸಾವನ್ನೂ ಅಕ್ಕಪಕ್ಕ ಇಟ್ಟು, ಹಿಂಸೆಯನ್ನು ಜನ ನೋಡುವ ಬಗೆಯಲ್ಲಿ ಬಿಳಿಯ ಬಣ್ಣಕ್ಕೆ ಸಿಗುವ ರಿಯಾಯಿತಿಯ ಬಗ್ಗೆ ಬರೆಯಬೇಕೆಂಬ ನಿನ್ನ ಯೋಚನೆ ಸರಿಯಾದದ್ದು. ಆದರೆ ಯಾವುದನ್ನು ವಿರೋಧಿಸಲು ಹೊರಟೆಯೋ ಅದನ್ನೇ ಮೂರನೆಯ ಪ್ಯಾರಾದಲ್ಲಿ ನೀನೂ ಮಾಡಿದ್ದೀಯೆ. ಚರ್ಚಿನ ಕೊಲೆಗಾರನನ್ನು 'ಯಾರೊಂದಿಗೂ ಬೆರೆಯದ, ಮಿತಭಾಷಿಯಾದ 21 ವರ್ಷದ ಯುವಕ' ಎಂದು ಪರಿಚಯಿಸಿದ್ದೀಯೆ. ಬ್ರೌನ್‌ನನ್ನು 'ಅಂಗಡಿಯಿಂದ ಸಿಗಾರ್ ಎತ್ತಿಕೊಂಡು ಹೋಗಿದ್ದ ದಢೂತಿ ಆಳು' ಎಂದಿದ್ದೀಯೆ. ಬೈಬಲ್ ಓದಲು ಕುಳಿತಿದ್ದ ಒಂಬತ್ತು ಜನ ಕಪ್ಪುವರ್ಣೀಯರನ್ನು, ಅವರ ಜೊತೆಯಲ್ಲೇ ಕುಳಿತು ಆಮೇಲೆ ಕೊಂದವನು ನಿನ್ನ ಓದುಗನಿಗೆ ಪಕ್ಕದ ಮನೆಯ ಮಂಕು ಹುಡುಗನಂತೆ ಕಾಣುತ್ತಾನೆ. ಕೈಯಲ್ಲಿ ಆಯುಧವಿಲ್ಲದೆ ಸತ್ತ 18 ವರ್ಷದವನು ಶಿಕ್ಷೆ ಅನುಭವಿಸಿದವನಂತೆ ಕಾಣುತ್ತಾನೆ.

ಈ ಪದಗಳು ನಿನ್ನವಲ್ಲ, ಸುದ್ದಿಸಂಸ್ಥೆಗಳಿಂದ ಬಂದವು ಎಂದು ನನಗೆ ಗೊತ್ತು. ಬ್ರೌನ್‌ನ ಅಂತ್ಯಸಂಸ್ಕಾರದ ದಿನವೇ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆಯುತ್ತ, ಅವನೇನೂ ದೇವದೂತನಾಗಿರಲಿಲ್ಲ ಎಂಬ ಅರ್ಥದ ಮಾತನ್ನು ಸೇರಿಸಿತ್ತು. ಆ ಪದಪ್ರಯೋಗ ತಪ್ಪೆಂದು ಅದೇ ಪತ್ರಿಕೆಯ ಓದುಗರ ಸಂಪಾದಕಿ ಆಮೇಲೆ ಒಪ್ಪಿಕೊಂಡರು. ಸತ್ತವನು ದೇವದೂತನಾಗಿರಬೇಕು ಎಂಬ ಷರತ್ತನ್ನು ಯಾರಿಗೆ ವಿಧಿಸುತ್ತೇವೆ, ಯಾರಿಗೆ ವಿಧಿಸುವುದಿಲ್ಲ ಎಂದು ಗಮನಿಸು. ಬಿಳಿಯನೊಬ್ಬ ಕೊಂದಾಗ ಕಾರಣವನ್ನು ಅವನೊಳಗೆ ಹುಡುಕುತ್ತಾರೆ: ಮನಸ್ಸು ಕೆಟ್ಟಿತ್ತೇ, ಮನೆಯಲ್ಲಿ ತೊಂದರೆಯಿತ್ತೇ. ಚಾರ್ಲ್ಸ್‌ಟನ್‌ನ ಕೊಲೆಗಾರ ತನ್ನ ಜನಾಂಗದ್ವೇಷವನ್ನು ಸ್ವತಃ ಬರೆದಿಟ್ಟಿದ್ದರೂ ಅವನ ಬಗ್ಗೆ ಇಂಥ ಪ್ರಶ್ನೆಗಳು ನಿಲ್ಲಲಿಲ್ಲ. ಕಪ್ಪುವರ್ಣೀಯನ ವಿಷಯದಲ್ಲಿ ಕಾರಣ ಅವನ ಕೇರಿಯಲ್ಲಿ, ಕುಲದಲ್ಲಿ ಮೊದಲೇ ಸಿದ್ಧವಾಗಿ ಕುಳಿತಿರುತ್ತದೆ.

1989ರ ಎರಡು ಪ್ರಕರಣಗಳನ್ನು ನಿನ್ನ ಲೇಖನದಲ್ಲಿ ತರಬೇಕೆಂದು ನನ್ನ ಆಸೆ. ಆ ವರ್ಷದ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಓಡುತ್ತಿದ್ದ ಬಿಳಿಯ ಮಹಿಳೆಯ ಮೇಲೆ ಘೋರ ಅತ್ಯಾಚಾರ ನಡೆಯಿತು. 14ರಿಂದ 16 ವರ್ಷದ ಐವರು ಕಪ್ಪುವರ್ಣೀಯ ಮತ್ತು ಲ್ಯಾಟಿನೋ ಹುಡುಗರನ್ನು ಹಿಡಿದರು. ಪತ್ರಿಕೆಗಳು ಅವರನ್ನು ತೋಳಗಳ ಹಿಂಡು ಎಂದವು. ಡೊನಾಲ್ಡ್ ಟ್ರಂಪ್ ಮರಣದಂಡನೆ ಮತ್ತೆ ತರಬೇಕೆಂದು ನಾಲ್ಕು ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟರು. ಹುಡುಗರು ವರ್ಷಗಟ್ಟಲೆ ಜೈಲಿನಲ್ಲಿ ಕಳೆದ ಮೇಲೆ, 2002ರಲ್ಲಿ, ಬೇರೊಬ್ಬನ ತಪ್ಪೊಪ್ಪಿಗೆ ಮತ್ತು ಡಿಎನ್‌ಎ ಪುರಾವೆಯಿಂದ ಅವರ ಮೇಲಿನ ತೀರ್ಪು ರದ್ದಾಯಿತು. ಅದೇ 1989ರ ಅಕ್ಟೋಬರಿನಲ್ಲಿ ಬಾಸ್ಟನ್‌ನಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬ ಬಿಳಿಯ, ಕಪ್ಪುವರ್ಣೀಯನೊಬ್ಬ ತಮ್ಮ ಕಾರಿಗೆ ನುಗ್ಗಿ ತನ್ನ ಗರ್ಭಿಣಿ ಹೆಂಡತಿಯನ್ನು ಗುಂಡಿಕ್ಕಿ ಕೊಂದನೆಂದು ಹೇಳಿದ. ಪೊಲೀಸರು ಮಿಷನ್ ಹಿಲ್ ಎಂಬ ಬಡಾವಣೆಯ ಕಪ್ಪು ಯುವಕರನ್ನು ಬೀದಿಯಲ್ಲಿ ನಿಲ್ಲಿಸಿ ಜಾಲಾಡಿದರು. ಮರುವರ್ಷದ ಜನವರಿಯಲ್ಲಿ ಗಂಡನೇ ಕೊಲೆಗಾರನೆಂಬುದು ಅವನ ತಮ್ಮನ ಬಾಯಿಂದ ಹೊರಬಿತ್ತು, ಆ ಗಂಡ ಸೇತುವೆಯಿಂದ ಹಾರಿ ಸತ್ತ. ಒಂದು ಕಡೆ ಮಕ್ಕಳ ಮಾತನ್ನು ಯಾರೂ ನಂಬಲಿಲ್ಲ, ಇನ್ನೊಂದು ಕಡೆ ಕೊಲೆಗಾರನ ಮಾತನ್ನು ಇಡೀ ನಗರ ನಂಬಿತು. ನಾವು ವಿಶೇಷಾಧಿಕಾರ ಎಂದು ದೊಡ್ಡ ಪದ ಬಳಸುವುದು ಈ ನಂಬಿಕೆಗೇ. ಲೇಖನದಲ್ಲಿ ಆ ಪದವನ್ನು ಹನ್ನೊಂದು ಸಲ ಬಳಸಿದ್ದೀಯೆ. ಎರಡು ಸಲ ಸಾಕು, ಉಳಿದೆಡೆ ಘಟನೆಯನ್ನು ಹೇಳು.

ಇದೆಲ್ಲ ದೂರದ ದೇಶದ ರೋಗವೆಂದು ಓದುಗ ನಿಟ್ಟುಸಿರು ಬಿಡುವಂತೆ ಮಾಡಬೇಡ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಸುಡಾನಿನವನೊಬ್ಬನ ಕಾರು ಹರಿದು ಮಹಿಳೆಯೊಬ್ಬಳು ಸತ್ತಾಗ, ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ, ಅವನಿಗೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು, ಅವಳ ಕಾರನ್ನು ಸುಟ್ಟಿತು. ಗೋವಾದಲ್ಲಿ 2013ರಲ್ಲಿ ಕೊಲೆಯಾದವನು ನೈಜೀರಿಯಾದವನೇ ಆಗಿದ್ದರೂ, ನ್ಯಾಯ ಕೇಳಿ ಹೆದ್ದಾರಿ ತಡೆದ ಅವನ ದೇಶದವರನ್ನು ಅಲ್ಲಿನ ಮಂತ್ರಿಯೊಬ್ಬರು ಕ್ಯಾನ್ಸರಿಗೆ ಹೋಲಿಸಿದರು. ಯಲ್ಲಾಪುರ, ಹಳಿಯಾಳದ ಕಡೆಯ ಆಫ್ರಿಕಾ ಮೂಲದ ಸಿದ್ದಿಯರು ನಮ್ಮದೇ ಕನ್ನಡ, ಕೊಂಕಣಿ ಆಡುವವರು. ಇಂಥ ಗುಂಪಿನ ಮುಂದೆ ಅವರು ಬಾಯಿ ತೆರೆದು ಮಾತಾಡುವಷ್ಟು ಹೊತ್ತು ಸಿಗುತ್ತದೆಯೇ ಎಂದು ನಾನು ಯೋಚಿಸುತ್ತೇನೆ. ಈ ಊರಿನಲ್ಲಿ 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ಮೇಲಿನ ದ್ವೇಷದಿಂದ ಲುಂಗಿ ಕಂಡರೆ ಕಲ್ಲು ಬೀಳುತ್ತಿದ್ದ ಕಾಲವನ್ನು ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ನಮ್ಮ ಹಿರಿಯರು ಮರೆತಿಲ್ಲ. ಆದರೂ ಆ ನೆನಪು ನಮ್ಮನ್ನು ಬೇರೆಯವರ ವಿಷಯದಲ್ಲಿ ಮೃದುಗೊಳಿಸಲಿಲ್ಲ.

ನನ್ನ ತಪ್ಪನ್ನೂ ಹೇಳುತ್ತೇನೆ. ಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ ಪೊಲೀಸರ ಮರಾಠಿ ಪ್ರಕಟಣೆಯನ್ನು ಕನ್ನಡಿಸುತ್ತಿದ್ದಾಗ, ಒಂದು ದರೋಡೆಯ ಸುದ್ದಿಗೆ 'ಪಾರ್ಧಿ ದರೋಡೆಕೋರರ ಸೆರೆ' ಎಂದು ತಲೆಬರಹ ಕೊಟ್ಟೆ. ಪಾರ್ಧಿ ಒಂದು ಬುಡಕಟ್ಟಿನ ಹೆಸರು. ಪ್ರಕಟಣೆಯಲ್ಲಿ ಶಂಕಿತರು ಎಂದಷ್ಟೇ ಇತ್ತು. ಬ್ರಿಟಿಷರ 1871ರ ಕಾನೂನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದ ಬುಡಕಟ್ಟುಗಳನ್ನು ಸರ್ಕಾರ 1952ರಲ್ಲಿ ಆ ಪಟ್ಟಿಯಿಂದ ಬಿಡಿಸಿದ್ದರೂ ನನ್ನ ಲೇಖನಿ ಬಿಡಿಸಿರಲಿಲ್ಲ. ಕೆಲವು ವಾರಗಳಲ್ಲಿ ಅವರು ಬಿಡುಗಡೆಯಾದರು, ನಿಜವಾದ ಕಳ್ಳರು ದರೋಡೆ ನಡೆದ ಹೌಸಿಂಗ್ ಸೊಸೈಟಿಯ ಸುಶಿಕ್ಷಿತ ಹುಡುಗರೆಂದು ತಿಳಿಯಿತು. ಆ ಸುದ್ದಿಗೆ ನಾನು ಕೊಟ್ಟ ತಲೆಬರಹ 'ದಾರಿ ತಪ್ಪಿದ ಯುವಕರು'. ಯಾರೂ ನನಗೆ ಹಾಗೆ ಬರೆಯಲು ಹೇಳಿರಲಿಲ್ಲ.

ಅಮೆರಿಕದ ಬಣ್ಣ, ನಮ್ಮ ಜಾತಿ, ಪುಣೆಯ ಹಣ ಮೂರನ್ನೂ ಒಂದೇ ಎಂದು ಬರೆಯುವ ಅವಸರವೂ ಬೇಡ. 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರು ಇಬ್ಬರು ಯುವ ಇಂಜಿನಿಯರುಗಳನ್ನು ಕೊಂದಾಗ, ಕಾರು ಓಡಿಸುತ್ತಿದ್ದನೆಂಬ ಆರೋಪ ಹೊತ್ತ 17ರ ಹುಡುಗನಿಗೆ ಜಾಮೀನಿನ ಷರತ್ತಾಗಿ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದು ಬೇರೆ ಚರಿತ್ರೆಯಿಂದ ಬಂದದ್ದು. ಅದಕ್ಕೆ ಗುಲಾಮಗಿರಿಯ ಹಿನ್ನೆಲೆಯಿಲ್ಲ. ಅದನ್ನು ಬೇರೆ ಲೇಖನಕ್ಕೆ ಇಟ್ಟುಕೋ.

ಈಗ ಮೂರನೆಯ ಪ್ಯಾರಾಕ್ಕೆ ಮರಳು. ಇಬ್ಬರಿಗೂ ಒಂದೇ ಬಗೆಯ ವಾಕ್ಯ ಬರೆ: ಹೆಸರು, ವಯಸ್ಸು, ಏನು ಮಾಡಿದ, ಅವನಿಗೆ ಏನಾಯಿತು. ಕೊಲೆಗಾರನ ಸ್ವಭಾವಕ್ಕೆ ಒಂದು ಸಾಲು ಕೊಟ್ಟರೆ ಚರ್ಚಿನಲ್ಲಿ ಸತ್ತವರಿಗೂ ಒಂದೊಂದು ಸಾಲು ಕೊಡು. ಆ ಒಂಬತ್ತು ಹೆಸರುಗಳಲ್ಲಿ ಒಂದೂ ನಿನ್ನ ಲೇಖನದಲ್ಲಿಲ್ಲ. ಮರುದಿನ ಸಿಕ್ಕಿಬಿದ್ದ ಆತ ಹಸಿವೆಂದಾಗ ಪೊಲೀಸರು ಬರ್ಗರ್ ತರಿಸಿಕೊಟ್ಟದ್ದನ್ನು ಕೋಪದಿಂದ ಬರೆದಿದ್ದೀಯೆ, ಅದನ್ನು ತಣ್ಣಗೆ ಬರೆ. ಬಂಧಿತನಿಗೆ ಊಟ ಕೊಟ್ಟದ್ದು ತಪ್ಪಲ್ಲ, ಫರ್ಗುಸನ್‌ನಲ್ಲಿ ಬ್ರೌನ್‌ನ ಹೆಣ ನಾಲ್ಕು ಗಂಟೆ ರಸ್ತೆಯಲ್ಲೇ ಬಿದ್ದಿತ್ತು ಎಂಬುದನ್ನು ಅದರ ಪಕ್ಕದಲ್ಲಿಡು.

ತಿದ್ದಿದ ಪ್ರತಿಯನ್ನು ಭಾನುವಾರದೊಳಗೆ ಕಳುಹಿಸು. ಮಾಟುಂಗಕ್ಕೆ ಬಂದರೆ ನನ್ನ ಆ ಎರಡು ತಲೆಬರಹಗಳ ಕಾಗದದ ತುಣುಕುಗಳನ್ನು ತೋರಿಸುತ್ತೇನೆ. ಒಂದೇ ಹಾಳೆಗೆ ಅಂಟಿಸಿ ಇಟ್ಟುಕೊಂಡಿದ್ದೇನೆ.

ನಿನ್ನ,
ಹಿರಿಯಣ್ಣ