ಮಗಳಿಗೊಂದು ಪತ್ರ: ಏರ್‌ಫೈಬರ್ ನಂಬಿ ಶೇರು ತಗೊಳ್ಳೋ ಮುಂಚೆ

ಪುಟ್ಟಿ,

ಗಣೇಶನ ಹಬ್ಬಕ್ಕೆ ಬಂದಾಗ ನೀನು ಕೇಳಿದ್ದಕ್ಕೆ ಕಡುಬು ಬೇಯಿಸೋ ಗಡಿಬಿಡೀಲಿ ಸರಿಯಾಗಿ ಉತ್ತರ ಕೊಡೋಕಾಗ್ಲಿಲ್ಲ, ಅದಕ್ಕೇ ಈಗ ಕೂತು ಟೈಪ್ ಮಾಡ್ತಿದೀನಿ. ಎರಡು ಲಕ್ಷ, ನಿನ್ನ ಮೊದಲ ಉಳಿತಾಯ, ನೈಟ್ ಶಿಫ್ಟ್ ಮಾಡಿ ಕೂಡಿಟ್ಟಿದ್ದು. ಅದು ಹೋಗಬಾರದು ಅನ್ನೋದೇ ನನ್ನ ತಲೇಲಿ ಕೂತಿದೆ. ಏರ್‌ಫೈಬರ್ (ವೈರಿಲ್ಲದೆ ತರಂಗದಲ್ಲಿ ಮನೆಗೆ ಬರೋ ಇಂಟರ್ನೆಟ್ಟು) ಮನೆಮನೆಗೂ ಬರ್ತಿದೆಯಲ್ಲಮ್ಮ, ಈ ದುಡ್ಡಿಗೆ ಜಿಯೋ ಶೇರು ತಗೊಳ್ಳಲಾ ಏರ್‌ಟೆಲ್‌ದಾ ಅಂತ ನೀನು ಕೇಳ್ದೆ.

ಮೊದಲನೇದಾಗಿ ಜಿಯೋ ಶೇರು ಅಂತ ಬೇರೆಯಾಗಿ 2025ರಲ್ಲಿ ಇರಲಿಲ್ಲ, ಅದು ರಿಲಯನ್ಸ್ ಒಳಗಿನ ಕಂಪನಿ. ರಿಲಯನ್ಸ್ ತಗೊಂಡ್ರೆ ಜಾಮ್‌ನಗರದ ರಿಫೈನರಿ, ರೀಟೇಲ್ ಅಂಗಡಿಗಳು ಎಲ್ಲಾ ಸೇರಿಕೊಂಡೇ ಬರುತ್ತೆ. 2026ರ ಮೊದಲ ಆರು ತಿಂಗಳೊಳಗೆ ಜಿಯೋ ಐಪಿಒ (ಮೊದಲ ಸಲ ಜನರಿಗೆ ಶೇರು ಮಾರೋದು) ತರೋ ಗುರಿ ಅಂತ ಮುಕೇಶ್ ಅಂಬಾನಿ 2025ರ ಆಗಸ್ಟ್ 29ರ ಎಜಿಎಂನಲ್ಲಿ (ಶೇರುದಾರರ ವಾರ್ಷಿಕ ಸಭೇಲಿ) ಹೇಳಿದ್ರು, ಬಂದಾಗ ರೇಟ್ ನೋಡೋಣ. ಏರ್‌ಟೆಲ್ ನೇರವಾಗಿ ಸಿಗುತ್ತೆ. ವೊಡಾಫೋನ್ ಐಡಿಯಾ ಅಗ್ಗ ಅಂದ್ಯಲ್ಲ, ಬೇಡ, ಸಾಲ ತೀರಿಸೋಕಾಗದೆ ಸರ್ಕಾರದ ಬಾಕೀನ ಶೇರಾಗಿ ಬದಲಾಯಿಸಿ 2025ರಲ್ಲಿ 49% ಸರ್ಕಾರದ ಕೈಗೆ ಹೋದ ಕಂಪನಿ ಅದು, ಏರ್‌ಫೈಬರ್ ಪೈಪೋಟೀಲಂತೂ ಲೆಕ್ಕಕ್ಕೇ ಇಲ್ಲ.

ಇನ್ನು ನೀನು ತೋರಿಸಿದ ಕನೆಕ್ಷನ್ ಲೆಕ್ಕ. 2023ರ ಆಗಸ್ಟ್‌ನಲ್ಲಿ ಏರ್‌ಟೆಲ್ ದೆಹಲಿ ಮುಂಬೈಲಿ ಶುರು ಮಾಡ್ತು, ಮುಂದಿನ ತಿಂಗಳೇ ಜಿಯೋ ಬೆಂಗಳೂರು ಸೇರಿ 8 ಊರಲ್ಲಿ ಶುರು ಮಾಡಿ 2025ರ ಜೂನ್ ಹೊತ್ತಿಗೆ 74 ಲಕ್ಷ ಕನೆಕ್ಷನ್ ಮುಟ್ತು. ಆದ್ರೆ ಜಿಯೋ ಲೆಕ್ಕದಲ್ಲಿ ಎರಡು ಥರದ ಮನೆಗಳಿವೆ ಪುಟ್ಟಿ, ಒಂದು 5ಜಿ ಟವರಿಂದ ನೇರ ಹೋಗೋದು, ಇನ್ನೊಂದು ಹತ್ತಿರದ ಜಾಗದವರೆಗೂ ಫೈಬರ್ ಎಳೆದು ಅಲ್ಲಿಂದ ಲೈಸೆನ್ಸ್ ಬೇಡದ ತರಂಗದಲ್ಲಿ ಮನೆಗೆ ಕೊಡೋದು, ಯುಬಿಆರ್ ಅಂತಾರೆ. ಎರಡಕ್ಕೂ ಖರ್ಚು ಬೇರೆ, ಟವರ್ ಮೇಲಿನ ಹೊರೆ ಬೇರೆ. ಏರ್‌ಟೆಲ್‌ದು ಹೆಚ್ಚುಕಮ್ಮಿ ಎಲ್ಲಾ 5ಜಿ ಮೇಲೇ. ಹಾಗಾಗಿ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ಯಾರು ಮುಂದೆ ಅಂದ್ರೆ ಅರ್ಧ ಸತ್ಯ ಅಷ್ಟೇ.

ಹೊರೆ ಅಂದ್ರೆ ಏನು ಅಂತ ನಮ್ಮ ಮನೆ ಹಿಂದಗಡೆ ಮನೇಲೇ ನಾನು ನೋಡ್ದೆ. ಮಹಡಿ ಮೇಲೆ ನೀರಿನ ಟ್ಯಾಂಕ್ ಪಕ್ಕ ಕಬ್ಬಿಣದ ಪೈಪಿಗೆ ಏರ್‌ಫೈಬರ್‌ನ ಬಿಳಿ ಡಬ್ಬಿ ಕಟ್ಟೋಕೆ ಹುಡುಗ ಬಂದಿದ್ದ, ಟವರ್ ಕಡೆ ಅಡ್ಡಕ್ಕೆ ತೆಂಗಿನಮರ, ಫೋನ್ ಹಿಡ್ಕೊಂಡು ಮಹಡಿ ಪೂರ್ತಿ ಸುತ್ತಿ ಕೊನೆಗೆ ಮೆಟ್ಟಿಲ ಮೂಲೇಲಿ ಸಿಗ್ನಲ್ ಸಿಕ್ತು. ಹಗಲು ಚೆನ್ನಾಗೇ ಓಡುತ್ತೆ. ರಾತ್ರಿ ಎಂಟೂವರೆಗೆ ಬೀದಿಯೋರೆಲ್ಲ ಟಿವಿ ಮುಂದೆ ಕೂತಾಗ ಚಕ್ರ ಸುತ್ತೋಕೆ ಶುರು. ಕಾರಣ ಒಂದೇ, ಅದೇ ಟವರು ಬೀದಿಯ ಮೊಬೈಲ್‌ಗಳಿಗೂ ಹಂಚ್ಬೇಕು, ಏರ್‌ಫೈಬರ್ ಮನೆ ಒಂದು 5ಜಿ ಮೊಬೈಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಡೇಟಾ ಎಳೆಯುತ್ತೆ.

ಟೆಲಿಫೋನ್ ಇಲಾಖೆ ಅಕೌಂಟ್ಸ್ ಸೆಕ್ಷನ್ನಲ್ಲಿ ಮೂವತ್ತು ವರ್ಷ ಕೂತೋಳು ನಾನು, ನನ್ನ ಕಣ್ಣು ಇಲ್ಲಿಗೇ ಹೋಗುತ್ತೆ. ಏರ್‌ಟೆಲ್‌ಗೆ 2025ರ ಜೂನ್ ತ್ರೈಮಾಸಿಕದಲ್ಲಿ ಒಬ್ಬ ಮೊಬೈಲ್ ಗಿರಾಕಿಯಿಂದ ತಿಂಗಳಿಗೆ 250 ರೂಪಾಯಿ ಬಂದ್ರೆ ಒಂದು ಮನೆ ಬ್ರಾಡ್‌ಬ್ಯಾಂಡಿಂದ 537 ಬಂತು, ಅದೂ ವರ್ಷದಿಂದ ವರ್ಷಕ್ಕೆ ಇಳೀತಾ ಇತ್ತು. (ಆಗ ಜಿಯೋ ಹೇಳಿದ 208.8 ರೂಪಾಯೀಲಿ ಮನೆ, ಮೊಬೈಲ್ ಎರಡೂ ಸೇರಿತ್ತು, ಇದರ ಜೊತೆ ಹೋಲಿಸಬೇಡ.) ದುಡ್ಡು ಎರಡು ಪಟ್ಟು, ಹೊರೆ ಹತ್ತು ಪಟ್ಟು. ಟವರಲ್ಲಿ ಜಾಗ ಖಾಲಿ ಇರೋವರೆಗೂ ಅದು ಲಾಭಾನೇ, ಹೇಗೂ ಹಾಕಿರೋ ಟವರು. ಜಾಗ ತುಂಬಿದ ಮೇಲೆ ಬರೋ ಪ್ರತಿ ಮನೆಗೂ ಹೊಸ ಖರ್ಚು. 2022ರ ಹರಾಜಲ್ಲಿ ಜಿಯೋ 88,078 ಕೋಟಿಗೆ, ಏರ್‌ಟೆಲ್ 43,084 ಕೋಟಿಗೆ ತರಂಗ (ಸ್ಪೆಕ್ಟ್ರಮ್) ತಗೊಂಡ್ವು, 20 ಕಂತು, 7.2% ಬಡ್ಡಿ. ಜಿಯೋ 700 ಮೆಗಾಹರ್ಟ್ಸ್ ಕೂಡ ತಗೊಂಡಿದೆ, ಗೋಡೆ ದಾಟಿ ಒಳಗೆ ಬರೋದು ಅದು, ಜಾಗದಲ್ಲಿ ಜಿಯೋನೇ ಮುಂದೆ ಅಂತ ಒಪ್ತೀನಿ.

ನಿಮ್ಮ ಮಾವ ನ್ಯೂಜೆರ್ಸೀಲಿದ್ದಾಗ, 2000ದ ಸುಮಾರಿಗೆ, ಅಲ್ಲೂ ಇದೇ ಮಾತು. ವಿನ್‌ಸ್ಟಾರ್, ಟೆಲಿಜೆಂಟ್ ಅಂತ ಎರಡು ಕಂಪನಿ ಆಫೀಸ್ ಕಟ್ಟಡಗಳ ತಲೆ ಮೇಲೆ ಡಿಶ್ ಇಟ್ಟು ಫೋನು ಇಂಟರ್ನೆಟ್ಟು ಕೊಡ್ತಿದ್ವು, ಯಾರ ಹತ್ರ ಎಷ್ಟು ಕಟ್ಟಡ ಅಂತ ಜನ ಎಣಿಸ್ತಾ ಕೂತಿದ್ರು. ಸಾಲ ಬೆಳೆದಷ್ಟು ಗಿರಾಕಿ ದುಡ್ಡು ಬೆಳೀಲಿಲ್ಲ, 2001ರ ಏಪ್ರಿಲ್ಲಲ್ಲಿ ಒಂದು, ಮೇನಲ್ಲಿ ಇನ್ನೊಂದು ದಿವಾಳಿ ಅರ್ಜಿ ಹಾಕಿದ್ವು. ಇಲ್ಲಿಯ ಎರಡಕ್ಕೂ ಮೊಬೈಲ್ ಆದಾಯ ಅನ್ನೋ ಗಟ್ಟಿ ಬೇರಿದೆ, ಆ ಗತಿ ಬರುತ್ತೆ ಅಂತ ನಾನು ಹೇಳ್ತಿಲ್ಲ, ಎಣಿಸಬೇಕಾದ್ದು ಕನೆಕ್ಷನ್ ಅಲ್ಲ, ಸಾಲ ಮತ್ತೆ ಗಿರಾಕಿ ದುಡ್ಡು ಅನ್ನೋದಕ್ಕೆ ಹೇಳ್ದೆ.

ನನ್ನನ್ನ ಕೇಳಿದ್ರೆ ಏರ್‌ಟೆಲ್, ಅದೂ ಅರವತ್ತು ಸಾವಿರ ಮೀರದ ಹಾಗೆ, ಕಂತಲ್ಲಿ. ತರಂಗದ ಬಾಕೀನ ಅವಧಿಗೆ ಮುಂಚೇನೇ ಕಟ್ತಾ ಬಂದಿದಾರೆ, ಅದು ನಂಗೆ ಇಷ್ಟ. ಮಿಕ್ಕಿದ್ದು ಎಫ್‌ಡೀಲಿರಲಿ, ಜಿಯೋ ಐಪಿಒ ಬಂದಾಗ ಮತ್ತೆ ಮಾತಾಡೋಣ. ದಸರಾಕ್ಕೆ ಬರುವಾಗ ಏರ್‌ಟೆಲ್ ವಾರ್ಷಿಕ ವರದೀಲಿ ಕ್ಯಾಶ್ ಫ್ಲೋ (ದುಡ್ಡು ಬಂದು ಹೋದ ಲೆಕ್ಕ) ಪುಟಗಳನ್ನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸ್ಕೊಂಡ್ ಬಾ, ಬಡ್ಡಿ ಸಾಲಿಗೆ ಪೆನ್ಸಿಲಲ್ಲಿ ಗುರುತು ಹಾಕ್ಕೊಂಡು ಒಟ್ಟಿಗೆ ಓದೋಣ. ಅಲ್ಲಿವರೆಗೂ ಒಂದು ರೂಪಾಯೀನೂ ಹಾಕ್ಬೇಡ ಕಣೆ.

ನಿನ್ನ
ಅಮ್ಮ