ರಾಕೆಟ್ಟನ್ನು ಕೈಯಾರೆ ಮಾಡುವವರು ಯಾರು?

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ಬಾಹ್ಯಾಕಾಶ ದಿನದಂದು ದಾಸರಹಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ಕಾರ್ಯಕ್ರಮಕ್ಕೆ ಹೋಗಿದ್ದೆ. ಆ ಶಾಲೆಗೆ ಹಿಂದೆ ನಾಲ್ಕು ಬೆಂಚು ಮಾಡಿಸಿಕೊಟ್ಟಿದ್ದೆ, ಅದನ್ನು ನೆನಪಿಟ್ಟು ಕರೆದಿದ್ದರು. ಅತಿಥಿಯಾಗಿ ಬಂದವರು ಚಂದ್ರಯಾನ-3 ಇಳಿದ ದೃಶ್ಯವನ್ನು ಪರದೆಯ ಮೇಲೆ ತೋರಿಸಿ, ಮಕ್ಕಳಿಗೆ ಅರ್ಥವಾಗುವಂತೆಯೇ ಮಾತನಾಡಿದರು. ಕೊನೆಯಲ್ಲಿ ‘ವಿಜ್ಞಾನಿ ಆಗುವವರು ಕೈ ಎತ್ತಿ’ ಎಂದರು. ಅರವತ್ತು ಮಕ್ಕಳಲ್ಲಿ ಐದು ಕೈಗಳು ಮೇಲೆದ್ದವು. ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ರಾಕೆಟ್ಟನ್ನು ಕೈಯಾರೆ ಮಾಡುವವರು ಯಾರು?’ ಎಂದು ಕೇಳಿದಳು. ‘ವಿಜ್ಞಾನಿಗಳು, ಅಮ್ಮಾ’ ಎಂಬ ಉತ್ತರ ಬಂತು. ಅವಳು ಕುಳಿತುಬಿಟ್ಟಳು. ಅವಳ ತಂದೆ ನಮ್ಮ ಶೆಡ್ಡಿನ ಹಿಂದಿನ ರಸ್ತೆಯಲ್ಲೇ ಲೋಹ ಒತ್ತುವ ಯಂತ್ರದ ಪ್ರೆಸ್ ಆಪರೇಟರ್ ಎಂದು ಆಮೇಲೆ ಗೊತ್ತಾಯಿತು.

ಆ ಉತ್ತರ ತಪ್ಪಲ್ಲ, ಆದರೆ ಅರ್ಧ. ಉಳಿದ ಅರ್ಧವನ್ನು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಟರ್ನರ್, ಲೇತ್ ಯಂತ್ರದಲ್ಲಿ ಲೋಹ ತಿರುಗಿಸಿ ಕೊರೆಯುವವನು. ತುರುವೇಕೆರೆ ತಾಲ್ಲೂಕಿನಿಂದ ಐಟಿಐ ಮುಗಿಸಿಕೊಂಡು 1986ರಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಬಂದವನು. ಹದಿಮೂರು ವರ್ಷ ಬೇರೆಯವರ ಲೇತ್ ಮುಂದೆ ನಿಂತು, ನಂತರ ಪೀಣ್ಯದ ಎರಡನೇ ಹಂತದಲ್ಲಿ ನನ್ನದೇ ಸಣ್ಣ ಶೆಡ್ ಹಾಕಿದೆ. ಈಗ ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಯಂತ್ರಗಳಿವೆ, ಒಂಬತ್ತು ಜನರಿದ್ದೇವೆ. ಪಂಪಿನ ಭಾಗ, ಗೇರ್ ಬಾಕ್ಸಿನ ಬುಷ್ ಇಂಥವೇ ಹೆಚ್ಚು. ವರ್ಷದಲ್ಲಿ ಕೆಲವು ತಿಂಗಳು ದೊಡ್ಡ ಕಂಪನಿಗಳ ಮೂಲಕ ಬಾಹ್ಯಾಕಾಶದ ಕೆಲಸ ಬರುತ್ತದೆ. ಅದು ಯಾವ ಉಪಗ್ರಹಕ್ಕೆ ಹೋಗುತ್ತದೆ ಎಂದು ಡ್ರಾಯಿಂಗ್ ಹೇಳುವುದಿಲ್ಲ; ಒಂದು ಸಂಖ್ಯೆ ಇರುತ್ತದೆ, ಅಷ್ಟೇ. ಹಾಗಾಗಿ ಚಂದ್ರನ ಮೇಲೆ ನಾನು ತಿರುಗಿಸಿದ ಲೋಹ ಇದೆ ಎಂದು ಹೇಳಿಕೊಳ್ಳಲಾರೆ. ಆದರೂ ಪ್ರತಿ ಉಡಾವಣೆಯ ದಿನ ನಮ್ಮ ಶೆಡ್ಡಿನಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಇಲ್ಲಿಯ ಮಣ್ಣಿಗೆ ಈ ಕೆಲಸ ಹೊಸದೂ ಅಲ್ಲ. ಭಾರತದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದು ಇದೇ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ತಂಡ ಕಟ್ಟಿದ ಆ 360 ಕಿಲೋ ತೂಕದ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರದೇ ಚಿತ್ರವಿತ್ತು. ಅಂಥದೊಂದು ನೋಟನ್ನು ನಾನು ಅಳತೆ ಕೋಣೆಯ ಗೋಡೆಗೆ ಗಾಜು ಹಾಕಿಸಿ ತೂಗುಹಾಕಿದ್ದೇನೆ. ಜಾಲಹಳ್ಳಿ ಕ್ರಾಸಿನಿಂದ ದಿನವೂ ನಡೆದು ಬರುವ ಸಾವಿರಾರು ಕೆಲಸಗಾರರಲ್ಲಿ ಎಷ್ಟು ಜನರಿಗೆ ಈ ಸಂಗತಿ ತಿಳಿದಿದೆ? ಕೆಲಸ ಕೇಳಿಕೊಂಡು ಬರುವ ಹುಡುಗರನ್ನು ನಾನು ಮೊದಲು ಕೇಳುವುದೇ ಇದನ್ನು. ಹತ್ತರಲ್ಲಿ ಒಬ್ಬ ಉತ್ತರಿಸಿದರೆ ಹೆಚ್ಚು.

ಅಳತೆ ಕೋಣೆ ಎಂದೆನಲ್ಲ, ಅದು ಬಂದದ್ದು ಒಂದು ಏಟು ತಿಂದ ಮೇಲೆ. ಹದಿನಾಲ್ಕು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ಆರು ಅಲ್ಯೂಮಿನಿಯಂ ಹೌಸಿಂಗ್‌ಗಳ, ಅಂದರೆ ಒಳಗಿನ ಭಾಗಗಳನ್ನು ಹಿಡಿದಿಡುವ ಕವಚಗಳ, ಕೆಲಸ ಬಂದಿತ್ತು. ಹೊರ ವ್ಯಾಸ 120 ಮಿಲಿಮೀಟರ್. ನಾನೇ ನಿಂತು ಮಾಡಿದೆ, ನಾನೇ ಮೈಕ್ರೋಮೀಟರ್ ಹಿಡಿದು ಅಳೆದೆ. ಆರೂ ಸರಿಯಾಗಿದ್ದವು. ತಪಾಸಣೆಗೆ ಹೋದವು ವಾಪಸ್ ಬಂದವು. 14 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 14 ಭಾಗ ಕಡಿಮೆ! ಕೂದಲೆಳೆಯ ದಪ್ಪದ ಐದನೇ ಒಂದು ಭಾಗದಷ್ಟೂ ಇಲ್ಲ. ಸಿಟ್ಟಿನಿಂದ ಆ ಕಂಪನಿಗೇ ಹೋದೆ. ಅಲ್ಲಿಯ ತಪಾಸಣೆಯ ಹಿರಿಯರು ಜಗಳವಾಡಲಿಲ್ಲ. ನನ್ನನ್ನು ಒಳಗೆ ಕೂರಿಸಿಕೊಂಡು ಒಂದು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ನೂರು ಮಿಲಿಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಸುಮಾರು 2.3 ಮೈಕ್ರಾನ್ ಹಿಗ್ಗುತ್ತದೆ. ಜಗತ್ತಿನಲ್ಲೆಲ್ಲ ಅಳತೆಗೆ ಆಧಾರ 20 ಡಿಗ್ರಿ ಸೆಲ್ಸಿಯಸ್. ನಾನು ಅಳೆದದ್ದು ಶೀಟಿನ ಚಾವಣಿಯ ಕೆಳಗೆ, ಲೇತ್‌ನಿಂದ ಇಳಿಸಿದ ಬಿಸಿಯಲ್ಲೇ. ಹಿಗ್ಗಿದ ಲೋಹವನ್ನು ಅಳೆದು ಸರಿ ಎಂದುಕೊಂಡಿದ್ದೆ. ಅವರ ತಂಪು ಕೋಣೆಯಲ್ಲಿ ಅದು ತನ್ನ ನಿಜವಾದ ಗಾತ್ರಕ್ಕೆ ಕುಗ್ಗಿತ್ತು. ಪ್ರಮಾಣಪತ್ರವಿದ್ದ ದುಬಾರಿ ಲೋಹ, ಆರೂ ವ್ಯರ್ಥ. ಆ ತಿಂಗಳು ಮನೆಗೆ ಸಂಬಳ ಒಯ್ಯಲಿಲ್ಲ. ಆದರೆ ಇಪ್ಪತ್ತೈದು ವರ್ಷ ಲೇತ್ ತಿರುಗಿಸಿದವನಿಗೆ ಯಾರೂ ಹೇಳಿಕೊಡದ ಭೌತಶಾಸ್ತ್ರವನ್ನು ಆ ಹಿರಿಯರು ಅರ್ಧ ಗಂಟೆಯಲ್ಲಿ, ಕನ್ನಡದಲ್ಲಿ, ಹೇಳಿಕೊಟ್ಟಿದ್ದರು. ಶೆಡ್ಡಿನ ಮೂಲೆಯಲ್ಲಿ ಗಾಜಿನ ಕೋಣೆ ಕಟ್ಟಿ ಎಸಿ ಹಾಕಿಸಿದ್ದು ಆಮೇಲೆ. ಈಗ ಜಾಬ್, ಅಂದರೆ ಮಾಡಿದ ಭಾಗ, ಒಂದು ರಾತ್ರಿ ಅಲ್ಲಿ ತಣಿಯದೆ ಯಾರೂ ಅದನ್ನು ಅಳೆಯುವಂತಿಲ್ಲ.

ಇನ್ನೊಂದು ಕೆಲಸವಿದೆ: ಬರ್ ತೆಗೆಯುವುದು. ಲೋಹ ಕೊರೆದಾಗ ಅಂಚಿನಲ್ಲಿ ಉಳಿಯುವ ಸಣ್ಣ ಮುಳ್ಳಿನಂಥ ಎಳೆಗೆ ಬರ್ ಎನ್ನುತ್ತೇವೆ. ಪಂಪಿನಲ್ಲಾದರೆ ಅದು ಉದುರಿ ಎಲ್ಲೋ ತಳದಲ್ಲಿ ಬೀಳುತ್ತದೆ. ಮೇಲೆ, ತೂಕವಿಲ್ಲದ ಕಡೆ, ತಳ ಎಂಬುದೇ ಇಲ್ಲ. ಉದುರಿದ ಎಳೆ ತೇಲುತ್ತಾ ಹೋಗಿ ಎರಡು ವಿದ್ಯುತ್ ತುದಿಗಳ ನಡುವೆ ಕೂತರೆ ಷಾರ್ಟ್ ಆಗುತ್ತದೆ, ಕೋಟಿಗಟ್ಟಲೆ ಬೆಲೆಯ ಉಪಗ್ರಹವೇ ಕೆಡಬಹುದು. ನಮ್ಮಲ್ಲಿ ಈ ಕೆಲಸ ಮಾಡುವವರು ಇಬ್ಬರು ಹೆಣ್ಣುಮಕ್ಕಳು, ಎಸ್ಸೆಸ್ಸೆಲ್ಸಿ ಓದಿದವರು. ಭೂತಗನ್ನಡಿಯ ಕೆಳಗೆ ಒಂದೊಂದು ರಂಧ್ರವನ್ನೂ ನೋಡುತ್ತಾರೆ. ಆ ಶಾಲೆಯ ಹುಡುಗಿಗೆ ನಾನು ಇವರಿಬ್ಬರನ್ನು ತೋರಿಸಬೇಕಿತ್ತು.

2023ರ ಆಗಸ್ಟ್ 23ರ ಸಂಜೆ ಐದೂವರೆಗೆ ಯಂತ್ರಗಳನ್ನು ನಿಲ್ಲಿಸಿದೆವು. ಟೂಲ್ ಬಾಕ್ಸಿಗೆ ಮೊಬೈಲ್ ಒರಗಿಸಿ ಒಂಬತ್ತು ಜನ ಸುತ್ತ ನಿಂತೆವು. ಇಂಗ್ಲಿಷಿನ ವಿವರಣೆಯನ್ನು ನನಗೆ ತಿಳಿದಷ್ಟು ಕನ್ನಡಕ್ಕೆ ತಂದು ಹೇಳುತ್ತಿದ್ದೆ. ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಚಂದ್ರನ ನೆಲದಿಂದ 30 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 1.68 ಕಿಲೋಮೀಟರ್ ವೇಗದಿಂದ ಇಳಿಯತೊಡಗಿದಾಗ ‘ರಫ್ ಬ್ರೇಕಿಂಗ್’ ಎಂದರು, ಆಮೇಲೆ ‘ಫೈನ್ ಬ್ರೇಕಿಂಗ್’ ಎಂದರು. ದೇವದುರ್ಗ ಕಡೆಯಿಂದ ಬಂದು ನಮ್ಮಲ್ಲಿ ಸೇರಿದ್ದ ಹುಡುಗ ಥಟ್ಟನೆ, ‘ಅಣ್ಣಾ, ಮೊದಲು ರಫ್ ಕಟ್, ಆಮೇಲೆ ಫಿನಿಶ್ ಕಟ್, ನಮ್ಮ ಹಾಗೇ’ ಎಂದ. ಲೇತ್‌ನಲ್ಲೂ ನಾವು ಮೊದಲು ಹೆಚ್ಚು ಲೋಹ ಕೊರೆದು, ಕೊನೆಗೆ ನವಿರಾಗಿ ಅಳತೆಗೆ ತರುತ್ತೇವೆ. ಯಾವ ಪುಸ್ತಕದಲ್ಲೂ ಅಷ್ಟು ಚೆನ್ನಾದ ವಿವರಣೆಯನ್ನು ನಾನು ಓದಿಲ್ಲ. ಆರು ಗಂಟೆ ನಾಲ್ಕು ನಿಮಿಷಕ್ಕೆ ವಿಕ್ರಮ್ ನೆಲ ಮುಟ್ಟಿದಾಗ ಅವನು ಅಳುತ್ತಿದ್ದ. ಮರುದಿನ ಕೇಳಿದ: ‘ಐಟಿಐ ಓದಿದವರನ್ನು ಅಲ್ಲಿಗೆ ತೆಗೆದುಕೊಳ್ಳುತ್ತಾರೆಯೇ?’

ತೆಗೆದುಕೊಳ್ಳುತ್ತಾರೆ. ಇಸ್ರೋ ಕೇಂದ್ರಗಳಲ್ಲಿ ಟೆಕ್ನೀಷಿಯನ್-ಬಿ ಎಂಬ ಹುದ್ದೆಗಳಿವೆ. ಎಸ್ಸೆಸ್ಸೆಲ್ಸಿ ಜೊತೆಗೆ ಫಿಟ್ಟರ್, ಟರ್ನರ್, ಎಲೆಕ್ಟ್ರಾನಿಕ್ಸ್ ಮುಂತಾದ ವೃತ್ತಿಗಳಲ್ಲಿ ಐಟಿಐ ಆಗಿದ್ದರೆ ಅರ್ಜಿ ಹಾಕಬಹುದು. ಇದನ್ನು ಆ ಹುಡುಗನಿಗೆ ಅವನ ಐಟಿಐಯಲ್ಲಿ ಯಾರೂ ಹೇಳಿರಲಿಲ್ಲ. ನನಗೂ ನನ್ನ ಕಾಲದಲ್ಲಿ ಯಾರೂ ಹೇಳಿರಲಿಲ್ಲ.

ಇಸ್ರೋ ಜನರ ಬಳಿಗೆ ಬರುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಒಂಬತ್ತನೇ ತರಗತಿಯ ಮಕ್ಕಳಿಗೆ 2019ರಿಂದ ‘ಯುವಿಕಾ’ ಎಂಬ ಬಾಹ್ಯಾಕಾಶ ಶಿಬಿರ ನಡೆಸುತ್ತಿದೆ, ಹಳ್ಳಿ ಮಕ್ಕಳಿಗೆ ಅದರಲ್ಲಿ ಆದ್ಯತೆಯೂ ಇದೆ. ವಸ್ತುಪ್ರದರ್ಶನದ ಬಸ್ ಊರೂರಿಗೆ ಹೋಗುತ್ತದೆ. ನನ್ನ ಮೊಮ್ಮಗಳು ಆ ಬಸ್ಸಿನಿಂದ ಇಳಿದವಳು ಒಂದು ವಾರ ಬೇರೆ ಮಾತೇ ಆಡಲಿಲ್ಲ. ನಾನು ಕೇಳುವುದಿಷ್ಟೇ: ಯುವಿಕಾದಂಥದ್ದೇ ಒಂದು ಶಿಬಿರ ಐಟಿಐ ಮತ್ತು ಡಿಪ್ಲೊಮಾ ಮಕ್ಕಳಿಗೂ ಬೇಕು, ಕನ್ನಡದಲ್ಲಿ ಬೇಕು. ಅದರಲ್ಲಿ ರಾಕೆಟ್ಟಿನ ಮಾದರಿಗಿಂತ ಹೆಚ್ಚಾಗಿ ರಿಜೆಕ್ಟ್ ಆದ ಭಾಗಗಳನ್ನು ತೋರಿಸಲಿ. ಏಕೆ ರಿಜೆಕ್ಟ್ ಆಯಿತು ಎಂದು ಅವರ ಕೈಗೇ ಕೊಟ್ಟು ಅಳೆಸಲಿ.

ಇದು ಬರೀ ಅಭಿಮಾನದ ಮಾತಲ್ಲ, ಉದ್ಯಮದ ಅಗತ್ಯ. 2020ರಲ್ಲಿ ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆದ ಮೇಲೆ ಬೆಂಗಳೂರಿನಲ್ಲೇ ಪಿಕ್ಸೆಲ್, ದಿಗಂತರದಂಥ ಕಂಪನಿಗಳ ಉಪಗ್ರಹಗಳು ಕಕ್ಷೆ ಸೇರಿವೆ. ಎಚ್‌ಎಎಲ್ ಮತ್ತು ಎಲ್ ಅಂಡ್ ಟಿ ಜೊತೆಗೂಡಿ ಐದು ಪಿಎಸ್‌ಎಲ್‌ವಿ ರಾಕೆಟ್ಟುಗಳನ್ನು ಕಟ್ಟುವ ಗುತ್ತಿಗೆ ಪಡೆದಿವೆ. ದೇಶದ ಬಾಹ್ಯಾಕಾಶ ವಹಿವಾಟನ್ನು ಸುಮಾರು 8.4 ಶತಕೋಟಿ ಡಾಲರಿನಿಂದ 2033ರ ಹೊತ್ತಿಗೆ 44 ಶತಕೋಟಿಗೆ ಒಯ್ಯುವ ಗುರಿ ಇದೆ. ಅಷ್ಟು ಕೆಲಸವನ್ನು ಮಾಡುವ ಕೈಗಳು ಎಲ್ಲಿವೆ? ಯಂತ್ರಕ್ಕೆ ಟೂಲು, ಅಳತೆ ಹೊಂದಿಸಿಕೊಡುವ ಒಬ್ಬ ಒಳ್ಳೆಯ ಸೆಟ್ಟರ್‌ಗಾಗಿ ನಾನು ಎಂಟು ತಿಂಗಳಿನಿಂದ ಹುಡುಕುತ್ತಿದ್ದೇನೆ. ಬರುವ ಹುಡುಗರು ಆರು ತಿಂಗಳಿಗೆ ಡೆಲಿವರಿ ಕೆಲಸಕ್ಕೆ ಹೋಗುತ್ತಾರೆ, ಅವರನ್ನು ದೂರಲಾರೆ. ಸಣ್ಣ ಘಟಕಗಳ ಬಿಲ್ಲನ್ನು 45 ದಿನಗಳೊಳಗೆ ಪಾವತಿಸಬೇಕು ಎಂಬ ಕಾನೂನಿದ್ದರೂ ಒಬ್ಬ ಗ್ರಾಹಕರಿಂದ ನನ್ನ ಹಣ ಐದು ತಿಂಗಳಿನಿಂದ ಬಂದಿಲ್ಲ. ಆ ಹಣದಲ್ಲಿ ಇಬ್ಬರು ಅಪ್ರೆಂಟಿಸ್‌ಗಳನ್ನು ಇಟ್ಟುಕೊಂಡು ಕಲಿಸಬಹುದಿತ್ತು.

ನನ್ನಿಂದ ಆಗುವುದನ್ನು ಹೇಳುತ್ತೇನೆ. ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ. ನಮ್ಮ ಆಯುಧಪೂಜೆಯೂ ಹೆಚ್ಚುಕಡಿಮೆ ಅದರ ಆಸುಪಾಸಿನಲ್ಲೇ ಬರುತ್ತದೆ. ಆ ದಿನ ಪೀಣ್ಯದ ಶೆಡ್ಡುಗಳೆಲ್ಲ ತೊಳೆದು ಸಾರಿಸಿ, ಯಂತ್ರಗಳಿಗೆ ಕುಂಕುಮ ಹಚ್ಚಿ, ಬಾಗಿಲು ತೆರೆದು ಬಂದವರಿಗೆಲ್ಲ ಕಡಲೆಪುರಿ ಕೊಡುತ್ತವೆ. ಈ ಸಲ ಆ ಶಾಲೆಯ ಅರವತ್ತು ಮಕ್ಕಳನ್ನು ಮೂವತ್ತರಂತೆ ಎರಡು ತಂಡಗಳಲ್ಲಿ ಕರೆತರಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಆ ಹೌಸಿಂಗ್‌ಗಳಲ್ಲಿ ಒಂದನ್ನು ನಾನು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದೆ. ಬಿಸಿಯಲ್ಲಿ ಒಮ್ಮೆ, ತಂಪಿನಲ್ಲಿ ಒಮ್ಮೆ ಮಕ್ಕಳೇ ಅದನ್ನು ಅಳೆಯಲಿ. ಬಾಹ್ಯಾಕಾಶ ಇಲಾಖೆಯಿಂದ ಒಬ್ಬ ಟೆಕ್ನೀಷಿಯನ್, ವಿಜ್ಞಾನಿಯೇ ಆಗಬೇಕೆಂದಿಲ್ಲ, ಒಂದು ಗಂಟೆ ಬಂದು ಕನ್ನಡದಲ್ಲಿ ಮಾತನಾಡಿದರೆ ಸಾಕು. ಆ ಹುಡುಗಿ ತನ್ನ ಪ್ರಶ್ನೆಯನ್ನು ಅವರಿಗೇ ಇನ್ನೊಮ್ಮೆ ಕೇಳುತ್ತಾಳೆ.

ಇತಿ,
ಒಬ್ಬ ಟರ್ನರ್
ಪೀಣ್ಯ ಎರಡನೇ ಹಂತ, ಬೆಂಗಳೂರು